ನರ್ಸಮ್ಮನ ಮಗನಿಗೆ ಸಿಕ್ಕ ಮೂರು ವಾರ

ನಾನು ಚಿಕಾಗೋಗೆ ಬಂದಾಗ ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ, ಗದಗಿನ ಸರಕಾರಿ ದವಾಖಾನೆಯಲ್ಲಿ ಎರಡು ವರ್ಷ ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಹಾಕಿ, ಮೂಳೆಯ ಶಸ್ತ್ರಚಿಕಿತ್ಸೆಯನ್ನು ಸರಿಯಾಗಿ ಕಲಿಯಬೇಕೆಂದು ಬಂದಿದ್ದೆ. ಊರಿನ ದಕ್ಷಿಣ ಭಾಗದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಆಪರೇಷನ್ ಥಿಯೇಟರಿನಲ್ಲಿ ನಿಂತು ನೋಡಿದರೆ, ಗದಗಿನಲ್ಲಿ ಇಡೀ ದವಾಖಾನೆಗೆ ಇದ್ದದ್ದಕ್ಕಿಂತ ಹೆಚ್ಚು ಸಲಕರಣೆಗಳು ಒಂದೇ ಟ್ರೇಯಲ್ಲಿದ್ದವು. ಅದರಲ್ಲಿ ಅರ್ಧದಷ್ಟರ ಹೆಸರೇ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಹೆಸರುಗಳನ್ನು ನಾನು ಹೇಳಿದರೆ ಅವರಿಗೆ ತಿಳಿಯುತ್ತಿರಲಿಲ್ಲ.

ಆವತ್ತು ನನ್ನ ಮಾನ ಉಳಿಸಿದವರು ಟ್ರೇಯ ಹಿಂದೆ ನಿಂತಿದ್ದ ನರ್ಸು. ನಲವತ್ತರ ಆಸುಪಾಸಿನ ಕಪ್ಪು ಹೆಂಗಸು, ಎತ್ತರದ ಆಳು, ಮಾತು ಕಡಿಮೆ. ನಾನು ಬಾಯಿ ತೆರೆಯುವ ಮೊದಲೇ ಬೇಕಾದ ಸಲಕರಣೆ ನನ್ನ ಅಂಗೈಗೆ ಬಂದು ಬೀಳುತ್ತಿತ್ತು. ತಪ್ಪು ಹೆಸರು ಹೇಳಿದರೂ ಸರಿಯಾದದ್ದೇ ಬರುತ್ತಿತ್ತು. ಆಪರೇಷನ್ ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ಕಾದು, "ಡಾಕ್ಟರ್, ಹತ್ತು ನಿಮಿಷ ಇರಿ" ಎಂದು ಒಂದೊಂದನ್ನೂ ಎತ್ತಿ ತೋರಿಸಿ ಹೆಸರು ಹೇಳಿಕೊಟ್ಟರು. ಎರಡು ವಾರ ದಿನಾ ಹೀಗೆ ಪಾಠವಾಯಿತು. ಅದನ್ನು ಅವರು ಯಾರ ಮುಂದೆಯೂ ಆಡಲಿಲ್ಲ. ಮನೆಯಲ್ಲಿ ಅವರ ವಿಷಯ ಹೇಳುವಾಗ ನಾನು ಅವರನ್ನು ನರ್ಸಮ್ಮ ಎನ್ನುತ್ತಿದ್ದೆ. ನನ್ನ ಹೆಂಡತಿಗೂ ಅವರು ಕೊನೆಯವರೆಗೆ ನರ್ಸಮ್ಮನೇ.

ಅವರ ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದು ತೀರಿಹೋಗಿದ್ದರು. ಒಬ್ಬನೇ ಮಗ. ನಾನು ಬಂದಾಗ ಅವನಿಗೆ ಹನ್ನೆರಡು ವರ್ಷ. ಅವರ ಲಾಕರಿನ ಬಾಗಿಲಿನ ಒಳಗೆ, ತನಗಿಂತ ದೊಡ್ಡದಾಗಿ ಕಾಣುವ ಬ್ಯಾಟು ಹಿಡಿದು ನಿಂತ ಅವನ ಫೋಟೋ ಅಂಟಿಸಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಅರವತ್ತು ದಾಟಿದ ಸರ್ಜನ್. ನಾವೆಲ್ಲ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಊರಿನ ಬೇಸ್‌ಬಾಲ್ ತಂಡವೊಂದಕ್ಕೆ ಮೂಳೆ ಡಾಕ್ಟರೂ ಅವರೇ. ಮಾತು ಒರಟು, ಕೈ ಮಾತ್ರ ಬಹಳ ಮೃದು. ನನ್ನ ನಾಲ್ಕನೆಯ ವರ್ಷದಲ್ಲಿ ಒಂದು ಬೆಳಗ್ಗೆ ಅವರು ಟೇಬಲ್ಲಿನ ಆಚೆ ಬದಿಗೆ, ಸಹಾಯಕ ನಿಲ್ಲುವ ಜಾಗಕ್ಕೆ ಹೋಗಿ ನಿಂತು, "ಇವತ್ತು ನೀನು ಮಾಡು. ನಾನು ಹಿಡ್ಕೊತೀನಿ" ಎಂದರು. ಹೊರದೇಶದಿಂದ ಬಂದವನ ಕೈಗೆ ಅಷ್ಟು ಬೇಗ ಚಾಕು ಕೊಡುವವರು ಆಗ ಹೆಚ್ಚು ಜನ ಇರಲಿಲ್ಲ. ಕಲಿಕೆ ಮುಗಿದ ಮೇಲೆ ಅವರು ನನ್ನನ್ನು ತಮ್ಮ ಕೈಕೆಳಗೇ ಉಳಿಸಿಕೊಂಡರು. ವಾರಕ್ಕೆರಡು ದಿನ ತಂಡದ ಸ್ಟೇಡಿಯಮ್ಮಿಗೆ ಹೋಗಿ ಆಟಗಾರರ ಭುಜ, ಮಣಿಕಟ್ಟು, ಮಂಡಿಗಳನ್ನು ನೋಡಿ ಬರುವುದು ನನ್ನ ಕೆಲಸವಾಯಿತು.

ಬೇಸ್‌ಬಾಲ್ ಬಗ್ಗೆ ನನಗೆ ಏನೇನೂ ಗೊತ್ತಿರಲಿಲ್ಲ. ಕ್ರಿಕೆಟ್ ಕಂಡ ಕಣ್ಣಿಗೆ ಅದು ಒನಕೆಯಂಥ ದುಂಡು ಬ್ಯಾಟಿನ, ಚೆಂಡು ನೆಲಕ್ಕೆ ಪುಟಿಯದೆ ಬರುವ ವಿಚಿತ್ರ ಆಟ. ಕಲಿಸಿದವರು ಮತ್ತೆ ನರ್ಸಮ್ಮನೇ. ಕಾಫಿ ಕುಡಿಯುವ ಕೋಣೆಯಲ್ಲಿ ಕಾಗದದ ಕರವಸ್ತ್ರದ ಮೇಲೆ ಬೇಸು ಎನ್ನುವ ನಾಲ್ಕು ಮೂಲೆ ಬರೆದು, ಬಾರಿಸಿದವನು ಈ ಮೂಲೆಗಳನ್ನು ಸುತ್ತಿ ಹೊರಟ ಮೂಲೆಗೆ, ಅವರ ಮಾತಿನಲ್ಲಿ ಮನೆಗೆ, ಬಂದರೆ ಒಂದು ಓಟ, ಮೂರು ಸಲ ಬೀಸಿ ಚೆಂಡು ತಪ್ಪಿಸಿಕೊಂಡರೆ ಔಟು ಎಂದು ತೋರಿಸಿದರು. ಮೂರನೆಯ ಮೂಲೆಯ ಮೇಲೆ ಬೆರಳಿಟ್ಟು, "ಇಲ್ಲಿ ನಿಲ್ಲೋನಿಗೆ ಭಯ ಇರಬಾರದು. ಚೆಂಡು ಗುಂಡಿನ ಹಾಗೆ ಬರುತ್ತೆ. ನನ್ನ ಮಗ ನಿಲ್ಲೋದು ಇಲ್ಲೇ" ಎಂದರು.

ಆ ಹುಡುಗ ಹದಿನೆಂಟಕ್ಕೆ ಅದೇ ತಂಡಕ್ಕೆ ಸೇರಿದ. ಸೇರಿದ ಎಂದರೆ ದೊಡ್ಡ ತಂಡದಲ್ಲಿ ಆಡಿದ ಎಂದಲ್ಲ. ಅಲ್ಲಿಯ ಪದ್ಧತಿಯೇ ಬೇರೆ. ಹೊಸ ಹುಡುಗರನ್ನು ಮೊದಲು ದೂರದ ಸಣ್ಣ ಊರುಗಳ ಕಿರಿಯ ತಂಡಗಳಿಗೆ ಕಳಿಸುತ್ತಾರೆ. ಅವರು ಬಸ್ಸಿನಲ್ಲಿ ಊರೂರು ಸುತ್ತಿ, ಅಗ್ಗದ ಹೋಟೆಲುಗಳಲ್ಲಿ ಮಲಗಿ, ಆಡುತ್ತ ಪಳಗಬೇಕು. ಇವನೂ ಮೂರು ವರ್ಷ ಹಾಗೆ ಸುತ್ತಿದ.

ಅದೇ ಹೊತ್ತಿಗೆ ಆಟದ ನಿಯಮ ಬದಲಾಗಿ, ಆಟಗಾರರು ಕರಾರು ಮುಗಿದ ಮೇಲೆ ತಮಗೆ ಬೇಕಾದ ತಂಡಕ್ಕೆ ಹೋಗುವ ಹಾಗಾಯಿತು. ನಮ್ಮ ತಂಡದ ಮಾಲೀಕರು ಕೈ ಬಿಚ್ಚಿ ಖರ್ಚು ಮಾಡಿ ಬೇರೆ ಬೇರೆ ಊರುಗಳಿಂದ ಹೆಸರುವಾಸಿ ಆಟಗಾರರನ್ನು ಕರೆತಂದರು. ಒಂದೊಂದು ಜಾಗದಲ್ಲೂ ಒಬ್ಬೊಬ್ಬ ದೊಡ್ಡ ಮನುಷ್ಯ. ಮೂರನೆಯ ಬೇಸಿನಲ್ಲಿ ನಿಂತವನಂತೂ ದೇಶಕ್ಕೆಲ್ಲ ಗೊತ್ತಿದ್ದ ಹಿರಿಯ. ಅವನ ಚಿತ್ರ ಬಸ್ಸುಗಳ ಮೇಲೂ ಇತ್ತು. ಅಂಥ ತಂಡದಲ್ಲಿ ಹೊಸಬರಿಗೆ ಕಾಲಿಡಲು ಜಾಗವಿರುವುದಿಲ್ಲ. ಹಣ ಸುರಿದು ತಂದವನನ್ನು ಕೂರಿಸಿ ಹುಡುಗನನ್ನು ಆಡಿಸಿದರೆ ಸೋತಾಗ ಜನ ತಂಡ ಆಡಿಸುವ ಮ್ಯಾನೇಜರನನ್ನೇ ಬೈಯುತ್ತಾರೆ.

ಎಪ್ಪತ್ತರ ದಶಕದ ಕೊನೆಯ ಒಂದು ಮೇ ತಿಂಗಳಲ್ಲಿ ನರ್ಸಮ್ಮನ ಮಗನಿಗೆ ದೊಡ್ಡ ತಂಡದಿಂದ ಕರೆ ಬಂತು. ಬದಲಿ ಆಟಗಾರನೊಬ್ಬ ಬಿಟ್ಟುಹೋಗಿದ್ದ, ಅವನ ಜಾಗಕ್ಕೆ. ನರ್ಸಮ್ಮ ಆ ದಿನ ಆಸ್ಪತ್ರೆಗೆ ದೊಡ್ಡದೊಂದು ಕೇಕು ತಂದು ಎಲ್ಲರಿಗೂ ತಾವೇ ಕತ್ತರಿಸಿ ಕೊಟ್ಟರು. ಮೇ ಮುಗಿಯಿತು, ಜೂನೂ ಮುಗಿಯುತ್ತ ಬಂತು. ಹುಡುಗ ಬೆಂಚಿನ ಮೇಲೇ ಕೂತಿದ್ದ. ನರ್ಸುಗಳ ಕೋಣೆಯಲ್ಲಿ ಮಧ್ಯಾಹ್ನದ ಆಟವಿದ್ದಾಗ ರೇಡಿಯೋ ಹಾಕಿರುತ್ತಿದ್ದರು. ಅವನ ಹೆಸರು ಒಮ್ಮೆಯೂ ಬರುತ್ತಿರಲಿಲ್ಲ. ಒಂದು ದಿನ ನಾನು ತಡೆಯದೆ ಕೇಳಿದೆ.

"ನಿನ್ನೆ ಏನಾದರೂ ಆಡಿದನೇ?"

"ಇಲ್ಲ ಡಾಕ್ಟರ್. ಟಿವಿಯಲ್ಲಿ ನೋಡಿದೆ. ಎಲ್ಲರ ಪ್ಯಾಂಟೂ ಮಣ್ಣಾಗಿರುತ್ತೆ, ನನ್ನ ಮಗನದು ಮಾತ್ರ ಇಸ್ತ್ರಿ ಮಾಡಿದ ಹಾಗೇ ಇರುತ್ತೆ."

ಅಷ್ಟೇ ಹೇಳಿ ಕೈ ತೊಳೆಯಲು ಹೋದರು. ನಾನು ತಂಡದ ಡಾಕ್ಟರುಗಳಲ್ಲಿ ಒಬ್ಬ ಎಂದು ಅವರಿಗೆ ಗೊತ್ತಿತ್ತು. ಒಂದು ಮಾತು ಹೇಳಿನೋಡಿ ಎಂದು ಅವರು ಒಮ್ಮೆಯೂ ಕೇಳಲಿಲ್ಲ.

ಸ್ಟೇಡಿಯಮ್ಮಿನಲ್ಲಿ ನಾನು ಹುಡುಗನನ್ನು ನೋಡುತ್ತಿದ್ದೆ. ಆಟ ಶುರುವಾಗಲು ನಾಲ್ಕು ಗಂಟೆ ಇರುವಾಗಲೇ ಅವನು ಮೈದಾನದಲ್ಲಿರುತ್ತಿದ್ದ. ಯಾರಾದರೂ ಸಹಾಯಕರನ್ನು ಕಾಡಿ ಬೇಡಿ ಚೆಂಡು ಬಾರಿಸಲು ಹೇಳಿ, ನೂರು, ನೂರೈವತ್ತು ಚೆಂಡು ಹಿಡಿಯುತ್ತಿದ್ದ. ನನ್ನನ್ನು ಕಂಡರೆ ಟೋಪಿ ತೆಗೆದು, "ಅಮ್ಮ ಹೇಗಿದಾರೆ ಸರ್? ನಾನು ಚೆನ್ನಾಗಿದೀನಿ ಅಂತ ಹೇಳಿ" ಎನ್ನುತ್ತಿದ್ದ. ತಾಯಿಯ ಮನೆ ಅಲ್ಲಿಂದ ಐದು ಮೈಲಿ. ಆಡದೆ ಮನೆಗೆ ಹೋಗಿ ಊಟಕ್ಕೆ ಕೂರಲು ಅವನಿಗೆ ನಾಚಿಕೆ ಎಂದು ನನಗೆ ತಿಳಿಯುತ್ತಿತ್ತು.

ಜುಲೈ ಮೊದಲ ವಾರ ಮೂರನೆಯ ಬೇಸಿನ ಹಿರಿಯ ಆಟಗಾರ ಬೆಳಗ್ಗೆ ಏಳಕ್ಕೆ, ಯಾರಿಗೂ ಹೇಳದೆ, ಆಸ್ಪತ್ರೆಯಲ್ಲಿದ್ದ ನನ್ನ ಕೋಣೆಗೆ ಬಂದ. ಆ ಬೇಸಿಗೆಯಲ್ಲಿ ಅವನ ಬಲ ಮಂಡಿಗೆ ಆಗಲೇ ಎರಡು ಸಲ ಸ್ಟೀರಾಯ್ಡ್ ಇಂಜೆಕ್ಷನ್ ಆಗಿತ್ತು. ಮಂಡಿ ಊದಿತ್ತು. ಮಡಚಿ ತಿರುಗಿಸಿದಾಗ ಒಳಗೆ ಏನೋ ಸಿಕ್ಕಿಕೊಂಡ ಹಾಗೆ ಕಟಕ್ ಎಂದಿತು. ಮೂಳೆಗಳ ನಡುವಿನ ಮೆತ್ತೆ ಹರಿದಿದೆ ಎಂದು ಹೇಳಲು ಬೇರೆ ಪರೀಕ್ಷೆ ಬೇಕಿರಲಿಲ್ಲ.

"ಎಲ್ಲಿ ನೋವು?" ಎಂದು ಕೇಳಿದೆ.

"ಎಲ್ಲೂ ಇಲ್ಲ" ಎಂದ. ಅವನ ಹಣೆಯ ಮೇಲೆ ಬೆವರಿತ್ತು. ನಾನು ಮಂಡಿಯನ್ನು ಇನ್ನೊಮ್ಮೆ ಮೆಲ್ಲಗೆ ಮಡಚಿದೆ. ಆಗ ಗೋಡೆ ನೋಡುತ್ತ ಹೇಳಿದ: "ಮೆಟ್ಟಿಲು ಇಳಿಯೋವಾಗ ಕಂಬಿ ಹಿಡ್ಕೋಬೇಕು. ಮಗಳನ್ನ ಎತ್ಕೊಂಡು ಇಳಿಯೋಕೆ ಭಯ ಆಗುತ್ತೆ."

"ಇದನ್ನು ಮ್ಯಾನೇಜರಿಗೆ ಹೇಳಿದ್ದೀರಾ?"

"ಹದಿನೇಳು ವರ್ಷ ಆಡಿದೀನಿ ಡಾಕ್ಟರ್. ಒಂದು ದಿನಾನೂ ನೋವು ಅಂತ ಬಾಯಿ ಬಿಟ್ಟಿಲ್ಲ. ಈಗ ನನ್ನ ಬಾಯಿಂದ ಅದು ಬರಲ್ಲ. ನೀವು ಬರೀರಿ." ಶೂ ಹಾಕಿಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದ: "ಬೆಂಚಿನ ಮೇಲಿರೋ ಆ ಹುಡುಗ ಚೆಂಡಿಗೆ ನನಗಿಂತ ಎರಡು ಹೆಜ್ಜೆ ಮುಂಚೆ ಹೋಗ್ತಾನೆ. ಆಟಕ್ಕೆ ಮುಂಚೆ ಅವನು ಚೆಂಡು ಹಿಡಿಯೋದನ್ನ ಬೇರೆ ಯಾರೂ ನೋಡಲ್ಲ, ನಾನು ನೋಡ್ತೀನಿ."

ವರದಿಯ ಕಾಗದ ಮುಂದಿಟ್ಟುಕೊಂಡಾಗ ನನ್ನ ಕೈ ನಿಂತುಹೋಯಿತು. ನನ್ನ ಲೆಕ್ಕದಲ್ಲಿ ಈ ಮಂಡಿಗೆ ಕಡಿಮೆಯೆಂದರೂ ಮೂರು ವಾರ ಆಟವಿಲ್ಲದ ವಿಶ್ರಾಂತಿ ಬೇಕು, ಆಟದ ಕಾಲ ಮುಗಿದ ಕೂಡಲೇ ಆಪರೇಷನ್ ಆಗಬೇಕು. ಹಾಗೆಂದು ಬರೆದರೆ ಅವನ ಹೆಸರು ಗಾಯಾಳುಗಳ ಪಟ್ಟಿಗೆ ಹೋಗುತ್ತದೆ. ಅವನ ಜಾಗದಲ್ಲಿ ಆಡುವುದು ನರ್ಸಮ್ಮನ ಮಗ. ನಾಳೆ ಯಾರಾದರೂ, ಈತ ತನ್ನ ಜೊತೆ ಕೆಲಸ ಮಾಡುವವಳ ಮಗನಿಗಾಗಿ ಹೀಗೆ ಬರೆದ ಎಂದರೆ ಏನು ಹೇಳಲಿ? ಅದಕ್ಕಿಂತ ಹೆಚ್ಚಾಗಿ, ನಾನೇ ನನಗೆ ಏನು ಹೇಳಿಕೊಳ್ಳಲಿ? ಆ ಹೊತ್ತಿಗೆ ಪಕ್ಕದ ಥಿಯೇಟರಿನಲ್ಲಿ ನರ್ಸಮ್ಮ ಸಲಕರಣೆ ಜೋಡಿಸುವ ಸದ್ದು ಕೇಳುತ್ತಿತ್ತು. ಕಾಗದ ಮಡಚಿ ಜೇಬಿಗಿಟ್ಟುಕೊಂಡೆ.

ಆಗ ನಾವು ಚಿಕಾಗೋ ಹೊರವಲಯದ ಬೋಲಿಂಗ್‌ಬ್ರೂಕಿನಲ್ಲಿ ಹೊಸದಾಗಿ ಎದ್ದಿದ್ದ ಬಡಾವಣೆಯೊಂದರಲ್ಲಿ ಮನೆ ಮಾಡಿದ್ದೆವು. ಹಿತ್ತಿಲಾಚೆ ಇನ್ನೂ ಜೋಳದ ಹೊಲವಿತ್ತು. ನನ್ನ ಹೆಂಡತಿ ಮೈಸೂರಿನವಳು. ಆ ಸಂಜೆ ಊಟಕ್ಕೆ ಕೂತಾಗ ಅವಳಿಗೆ ಗೊತ್ತಾಯಿತು.

"ಏನ್ರೀ, ಅನ್ನ ಕಲಸಿ ಹಾಗೇ ಕೂತಿದೀರಲ್ಲ. ಆಸ್ಪತ್ರೇಲಿ ಏನಾಯ್ತು?"

ರೋಗಿಯ ಹೆಸರು ಹೇಳದೆ ವಿಷಯವಷ್ಟೇ ಹೇಳಿದೆ. "ಏನ ಬರೀಲಿ ಅಂತ ತಿಳೀವಲ್ದು" ಎಂದೆ.

"ನರ್ಸಮ್ಮನ ಮಗ ಅಲ್ಲಿ ಇಲ್ದೇ ಇದ್ದಿದ್ರೆ ಏನು ಬರೀತಿದ್ರಿ?"

"ಮೂರು ವಾರ."

"ಹಾಗಾದ್ರೆ ಅದನ್ನೇ ಬರೀರಿ. ಅವನಿದಾನೆ ಅಂತ ಜಾಸ್ತಿ ಬರೆಯೋದೂ ತಪ್ಪು, ಅವನಿದಾನೆ ಅಂತ ಕಮ್ಮಿ ಬರೆಯೋದೂ ತಪ್ಪೇ. ಈಗ ಊಟ ಮಾಡಿ."

ಮರುದಿನ ವರದಿ ಬರೆದು ಲಕೋಟೆಯೊಳಗಿಟ್ಟು ಅಂಟಿಸಿದೆ. ಆಮೇಲೆ ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ಹುಡುಗ ಯಾರ ಮಗ ಎಂಬುದನ್ನು ನೆನಪಿಸಿ, ನನ್ನ ವರದಿಯನ್ನು ಓದದೆ ತಾವೇ ಒಮ್ಮೆ ಆ ಮಂಡಿ ನೋಡಬೇಕು ಎಂದು ಕೇಳಿಕೊಂಡೆ. ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿ, "ಸರಿ" ಎಂದರು. ಅದೇ ಮಧ್ಯಾಹ್ನ ನೋಡಿದರು, ತಾವೂ ಬರೆದರು. ಏನು ಬರೆದರೆಂದು ನನಗೆ ಹೇಳಲಿಲ್ಲ.

ತಂಡದ ಕಚೇರಿಯಲ್ಲಿ ಇಬ್ಬರು ನಮಗಾಗಿ ಕಾದಿದ್ದರು. ಒಬ್ಬ ತಂಡವನ್ನು ಆಡಿಸುವ ಮ್ಯಾನೇಜರು, ಹಳೆಯ ಆಟಗಾರ, ಮುಖ ಬಿಸಿಲಿಗೆ ಒಣಗಿ ತೊಗಲಿನಂತಾಗಿತ್ತು. ಇನ್ನೊಬ್ಬ ಮಾಲೀಕರ ಪರವಾಗಿ ಕಚೇರಿ ನೋಡಿಕೊಳ್ಳುವವನು. ನನ್ನ ವರದಿ ಓದಿದ ಕಚೇರಿಯವನಿಗೆ ಸಿಟ್ಟು ಬಂತು.

"ಇನ್ನೊಂದು ಇಂಜೆಕ್ಷನ್ ಕೊಟ್ರೆ ಏನಾಗುತ್ತೆ?"

"ಈ ತಿಂಗಳು ಆಡ್ತಾರೆ. ಆಮೇಲೆ ನಡೆಯೋದೇ ಕಷ್ಟ ಆಗಬಹುದು. ನಾನು ಕೊಡಲ್ಲ" ಎಂದೆ.

ಅವನು ಕುರ್ಚಿಗೆ ಒರಗಿದ. "ಆ ಹುಡುಗನ ತಾಯಿ ನಿಮ್ಮ ಜೊತೆ ಕೆಲಸ ಮಾಡ್ತಾರಂತೆ, ಹೌದಾ?"

"ಹೌದು. ಒಂಬತ್ತು ವರ್ಷದಿಂದ. ನನಗೆ ಕೆಲಸ ಕಲಿಸಿದವರಲ್ಲಿ ಅವರೂ ಒಬ್ಬರು. ಅದಕ್ಕೇ ಇನ್ನೊಬ್ಬರು ನೋಡಲಿ ಅಂತ ಕೇಳಿಕೊಂಡೆ."

ದೊಡ್ಡ ಡಾಕ್ಟರು ತಮ್ಮ ಲಕೋಟೆಯನ್ನು ಒಡೆದು ಕಾಗದವನ್ನು ನನ್ನದರ ಪಕ್ಕದಲ್ಲಿಟ್ಟರು. ಮ್ಯಾನೇಜರು ಎರಡನ್ನೂ ಓದಿದ. ದೊಡ್ಡ ಡಾಕ್ಟರ ಕಾಗದದಲ್ಲೂ ಮೂರು ವಾರ ಎಂದೇ ಇತ್ತು. "ಇವನು ಬರೆದದ್ದು ಮೃದುವಾಗಿದೆ. ನಾನು ನಾಲ್ಕು ವಾರ ಅಂತ ಬರೆಯೋನಿದ್ದೆ, ನಿಮ್ಮ ಮುಖ ನೋಡಿ ಮೂರು ಅಂದೆ" ಎಂದರು ದೊಡ್ಡ ಡಾಕ್ಟರು.

ಕಚೇರಿಯವನು, ಹಾಗಿದ್ದರೆ ಬೇರೆ ತಂಡದಿಂದ ಅನುಭವಸ್ಥನೊಬ್ಬನನ್ನು ತರೋಣ, ಮಾಲೀಕರು ಬೇಡವೆನ್ನುವುದಿಲ್ಲ ಎಂದ. ಮ್ಯಾನೇಜರು ಬೇಡವೆಂದು ತಲೆಯಾಡಿಸಿದ. "ಮೂರು ವರ್ಷ ಆ ಹುಡುಗನ್ನ ಊರೂರು ಸುತ್ತಿಸಿದೀವಿ. ಆಡಿಸಿ ನೋಡದೇ ಅವನು ಆಗಲ್ಲ ಅಂತ ಹೇಗೆ ಹೇಳೋದು? ಮೂರು ವಾರ ಅವನಿಗೆ ಕೊಡ್ತೀನಿ."

ವಿಷಯ ನರ್ಸಮ್ಮನಿಗೆ ತಿಳಿದದ್ದು ಮಗನ ಫೋನಿನಿಂದ. ಮರುದಿನ ಬೆಳಗ್ಗೆ ನಾನು ಕೈ ತೊಳೆಯುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತರು.

"ಒಂದೇ ಮಾತು ಕೇಳ್ತೀನಿ ಡಾಕ್ಟರ್. ನನ್ನ ಮುಖ ನೋಡಿ ಬರೆದ್ರಾ?"

"ಇಲ್ಲ."

"ಹಾಗಾದ್ರೆ ಸರಿ" ಎಂದು ಮಾಸ್ಕ್ ಕಟ್ಟಿಕೊಂಡರು.

ಮೊದಲ ವಾರ ಚೆನ್ನಾಗಿ ಹೋಯಿತೆಂದು ಬರೆಯಲು ನನಗೂ ಆಸೆ. ಆದರೆ ಅದು ಹಾಗಾಗಲಿಲ್ಲ. ಹುಡುಗ ಮೊದಲ ಆಟದಲ್ಲಿ ಮೂರು ಸಲ ಬ್ಯಾಟು ಹಿಡಿದು ಹೋಗಿ ಮೂರು ಸಲವೂ ಬರಿಗೈಯಲ್ಲಿ ವಾಪಸು ಬಂದ. ಎರಡನೆಯ ಆಟದಲ್ಲಿ ಸುಲಭದ ಚೆಂಡು ಹಿಡಿದು, ಗಡಿಬಿಡಿಯಲ್ಲಿ ಎಸೆದು, ಅದು ಹಿಡಿಯಬೇಕಾದವನ ತಲೆಯ ಮೇಲಿಂದ ಹಾರಿ ಜನರ ನಡುವೆ ಬಿತ್ತು. ತಂಡ ಸೋತಿತು. ಸ್ವಂತ ಊರಿನ ಜನವೇ ಅವನ ಹೆಸರು ಕೂಗಿ ಅಣಕಿಸಿದರು. ನಮ್ಮ ಪಕ್ಕದ ಮನೆಯವನು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ, "ಇಷ್ಟು ದುಡ್ಡಿರೋ ತಂಡ ಹಸುಳೆಗಳನ್ನ ಯಾಕೆ ಆಡಿಸ್ತಿದೆ, ಡಾಕ್?" ಎಂದು ನನ್ನನ್ನೇ ಕೇಳಿದ.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ರೇಡಿಯೋದವರು ಅವನನ್ನು ಬೈಯುತ್ತಿದ್ದಾಗ, ಎಳೆಯ ನರ್ಸೊಬ್ಬಳು ಮುಜುಗರಪಟ್ಟು ಅದನ್ನು ಆರಿಸಿದಳು. ನರ್ಸಮ್ಮ ಎದ್ದು ಹೋಗಿ ಮತ್ತೆ ಹಾಕಿದರು. "ಇರಲಿ ಬಿಡಮ್ಮ. ಎರಡು ತಿಂಗಳು ಅವನ ಹೆಸರೇ ಇರಲಿಲ್ಲ. ಈಗ ಬೈಗುಳದಲ್ಲಾದ್ರೂ ಇದೆ" ಎಂದರು.

ಅದೇ ವಾರ ನಾನು ಸ್ಟೇಡಿಯಮ್ಮಿಗೆ ಹೋದಾಗ ಕಂಡದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಿಸಿಲು ಅಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ದಾಟಿತ್ತು. ಮೈದಾನದಲ್ಲಿ ಮೂರೇ ಜನ. ಒಬ್ಬ ಸಹಾಯಕ ಚೆಂಡು ಬಾರಿಸುತ್ತಿದ್ದ, ಹುಡುಗ ಹಿಡಿದು ಎಸೆಯುತ್ತಿದ್ದ. ಮೂರನೆಯ ಬೇಸಿನ ಪಕ್ಕದಲ್ಲಿ ಬಕೆಟ್ಟೊಂದನ್ನು ಬೋರಲು ಹಾಕಿ, ಪಟ್ಟಿ ಕಟ್ಟಿದ ಕಾಲನ್ನು ಚಾಚಿ, ಆ ಹಿರಿಯ ಆಟಗಾರ ಕೂತಿದ್ದ. ನಾನು ಹತ್ತಿರ ಹೋದಾಗ ಅವನು ಹುಡುಗನಿಗೆ ಹೇಳುತ್ತಿದ್ದ: "ಚೆಂಡು ಕೈಗೆ ಬಂದ ಮೇಲೆ ಒಂದು ಸಲ ಉಸಿರು ಬಿಡು. ಓಡ್ತಿರೋನು ನೀನು ಅಂದ್ಕೊಂಡಷ್ಟು ಜೋರಿಲ್ಲ. ನಿನಗೆ ಟೈಮಿದೆ." ಹುಡುಗ ಎಸೆದ. "ಮತ್ತೆ" ಎಂದ ಹಿರಿಯ. ಹೀಗೆ ಒಂದು ಗಂಟೆ.

ತನ್ನ ಜಾಗಕ್ಕೆ ಬರುವವನಿಗೆ ತಾನೇ ಪಾಠ ಹೇಳಿಕೊಡುವುದನ್ನು ನಾನು ಆಸ್ಪತ್ರೆಗಳಲ್ಲೂ ಹೆಚ್ಚು ಕಂಡಿರಲಿಲ್ಲ. ಆಮೇಲೆ ಮ್ಯಾನೇಜರೇ ನನಗೆ ಹೇಳಿದ, ಕಚೇರಿಯವರು ಹುಡುಗನನ್ನು ವಾಪಸು ಕಳಿಸೆಂದು ಒತ್ತಾಯಿಸಿದಾಗ ಈ ಹಿರಿಯ ಕುಂಟುತ್ತ ಒಳಗೆ ಹೋಗಿ, "ನನ್ನ ಮೊದಲ ತಿಂಗಳು ಇವನಿಗಿಂತ ಕೆಟ್ಟದಾಗಿ ಆಡಿದ್ದೆ. ಆಗ ನನ್ನನ್ನ ಯಾರೂ ಕಳಿಸಲಿಲ್ಲ. ಇವನನ್ನೂ ಕಳಿಸಬೇಡಿ" ಎಂದನಂತೆ.

ಎರಡನೆಯ ವಾರದ ಕೊನೆಗೆ ತಂಡಕ್ಕೆ ಮಿಷಿಗನ್ ರಾಜ್ಯದ ಡೆಟ್ರಾಯಿಟಿನಲ್ಲಿ ಆಟಗಳಿದ್ದವು. ಅದರ ಪಕ್ಕದ ಲಿವೋನಿಯಾದಲ್ಲಿ ನನ್ನ ಹೆಂಡತಿಯ ತಂಗಿಯ ಮನೆ. ಶನಿವಾರ ಅಲ್ಲಿಗೆ ಹೋಗುವುದೆಂದು ನಾವು ಮೊದಲೇ ಅಂದುಕೊಂಡಿದ್ದೆವು. ಹೆಂಡತಿ ತಾನೇ ನರ್ಸಮ್ಮನಿಗೆ ಫೋನ್ ಮಾಡಿ ಕರೆದಳು. ಮಗ ದೊಡ್ಡ ತಂಡಕ್ಕೆ ಬಂದಾಗಿನಿಂದ ನರ್ಸಮ್ಮ ಸ್ಟೇಡಿಯಮ್ಮಿಗೆ ಕಾಲಿಟ್ಟಿರಲಿಲ್ಲ. ಅವನು ಆಡುವಾಗ ಬರುತ್ತೇನೆ ಎನ್ನುತ್ತಿದ್ದರು, ಆಡತೊಡಗಿದ ಮೇಲೆ ಡ್ಯೂಟಿಯ ನೆಪ ಹೇಳಿದರು. ನನಗನಿಸುವಂತೆ ಊರಿನವರು ಅವನನ್ನು ಅಣಕಿಸುವುದನ್ನು ಎದುರಿಗೆ ಕೂತು ಕೇಳಲು ಅವರಿಗೆ ಧೈರ್ಯವಿರಲಿಲ್ಲ.

ಬೆಳಗ್ಗೆ ಏಳೂವರೆಗೆ ಅವರ ಮನೆ ಮುಂದೆ ಕಾರು ನಿಲ್ಲಿಸಿದೆ. ಟೋಪಿ ಹಾಕಿ, ಚರ್ಚಿಗೆ ಹೊರಟವರ ಹಾಗೆ ಸಿಂಗರಿಸಿಕೊಂಡು, ಕೈಯಲ್ಲೊಂದು ಡಬ್ಬಿ ಹಿಡಿದು ಬಂದರು. "ಪೀಚ್ ಹಣ್ಣಿನ ಪೈ" ಎಂದು ನನ್ನ ಹೆಂಡತಿಗೆ ಕೊಟ್ಟರು. "ನಮ್ಮಲ್ಲಿ ಹಂದಿ ಕೊಬ್ಬು ಹಾಕ್ತೀವಿ. ಇದಕ್ಕೆ ಬರೀ ಬೆಣ್ಣೆ ಹಾಕಿದೀನಿ, ನೀವು ತಿನ್ನಬಹುದು." ನನ್ನ ಹೆಂಡತಿ ಚಿತ್ರಾನ್ನ, ಮೊಸರನ್ನ ತಂದಿದ್ದಳು. ಮಿಷಿಗನ್ನಿನಲ್ಲಿ ಹೈವೇ ಪಕ್ಕದ ಮರದ ಕೆಳಗೆ ನಿಲ್ಲಿಸಿ ತಿಂದೆವು. ಚಿತ್ರಾನ್ನದ ಮೆಣಸಿನಕಾಯಿ ಅಗಿದು ನರ್ಸಮ್ಮನ ಕಣ್ಣಲ್ಲಿ ನೀರು ಬಂತು. ಆದರೂ ಇನ್ನೊಂದು ಸಲ ಹಾಕಿಸಿಕೊಂಡರು.

ಲಿವೋನಿಯಾ ಮುಟ್ಟಿದಾಗ ನನ್ನ ಕೈಗಡಿಯಾರದಲ್ಲಿ ಒಂದಕ್ಕೆ ಹತ್ತು ನಿಮಿಷ. ಆಟ ಎರಡೂಕಾಲಿಗೆ. ನಾನು ಆರಾಮಾಗಿ ಶೂ ಬಿಚ್ಚತೊಡಗಿದೆ. ಹೆಂಡತಿಯ ತಂಗಿ ಬಾಗಿಲಲ್ಲೇ ನಿಂತು, "ಭಾವ, ಶೂ ಬಿಚ್ಚಬೇಡಿ. ನೀವಿನ್ನೂ ಚಿಕಾಗೋ ಟೈಮಲ್ಲೇ ಇದೀರಿ. ಇಲ್ಲಿ ಎರಡಾಗ್ತಾ ಬಂತು" ಎಂದಳು. ಮಿಷಿಗನ್ನಿನ ಗಡಿಯಾರ ಒಂದು ಗಂಟೆ ಮುಂದಿರುವುದನ್ನು ನಾನು ಸಂಪೂರ್ಣ ಮರೆತಿದ್ದೆ. ನಾನು ಆಪರೇಷನ್ನಿಗೆ ತಡವಾಗಿ ಬಂದಾಗ ನೋಡುತ್ತಿದ್ದ ಹಾಗೆ ನರ್ಸಮ್ಮ ನನ್ನನ್ನು ಒಮ್ಮೆ ನೋಡಿದರು, ಅಷ್ಟೇ. ನೀರು ಕೂಡ ಕುಡಿಯದೆ ನಾವು ಮೂವರೂ ಮತ್ತೆ ಕಾರು ಹತ್ತಿದೆವು.

ಒಳಗೆ ಹೋಗುವಷ್ಟರಲ್ಲಿ ಆಟ ಶುರುವಾಗಿ ಅರ್ಧ ಗಂಟೆಯಾಗಿತ್ತು. ಸಿಕ್ಕ ಸೀಟುಗಳು ಎಡಭಾಗದ ಮೇಲಂತಸ್ತಿನಲ್ಲಿ. ಎದುರಿಗೊಂದು ಕಬ್ಬಿಣದ ಕಂಬ. ಕತ್ತು ಸ್ವಲ್ಪ ವಾಲಿಸಿದರೆ ಮೂರನೆಯ ಬೇಸು ಚೆನ್ನಾಗಿ ಕಾಣುತ್ತಿತ್ತು. ಪಕ್ಕದವನನ್ನು ಕೇಳಿದರೆ, ಹುಡುಗ ಆಗಲೇ ಒಮ್ಮೆ ಔಟಾಗಿದ್ದ. ನರ್ಸಮ್ಮ ಎರಡೂ ಕೈಗಳನ್ನು ಎದೆಯ ಮಟ್ಟದಲ್ಲಿ ಜೋಡಿಸಿಕೊಂಡು ಕೂತರು. ಗ್ಲೌಸು ಹಾಕಿದ ಮೇಲೆ ಯಾವುದಕ್ಕೂ ತಾಗದಿರಲೆಂದು ಥಿಯೇಟರಿನಲ್ಲಿ ಹಿಡಿದುಕೊಳ್ಳುವ ರೀತಿ ಅದು.

ಎರಡನೆಯ ಸಲವೂ ಅವನು ಔಟಾದ. ಒಂಬತ್ತು ಸರದಿಯ ಆಟದ ಐದನೆಯ ಸರದಿಯಲ್ಲಿ ಡೆಟ್ರಾಯಿಟಿನವನೊಬ್ಬ ನೆಲಕ್ಕಂಟಿದಂತೆ ಜೋರಾಗಿ ಬಾರಿಸಿದ ಚೆಂಡು ಮೂರನೆಯ ಬೇಸಿನ ಎಡಕ್ಕೆ ನುಗ್ಗಿತು. ಹುಡುಗ ಉದ್ದಕ್ಕೆ ಹಾರಿದ. ಧೂಳೆದ್ದಿತು. ಧೂಳಿನೊಳಗಿಂದ ಅವನು ಮಂಡಿಯ ಮೇಲೆ ಎದ್ದದ್ದು ಕಂಡಿತು. ಚೆಂಡು ಅವನ ಕೈಯಲ್ಲಿತ್ತು. ಅವನು ಗಡಿಬಿಡಿ ಮಾಡಲಿಲ್ಲ. ಒಂದು ಕ್ಷಣ ನಿಂತು, ಎಸೆದ. ಮೊದಲ ಬೇಸಿಗೆ ಓಡುತ್ತಿದ್ದವನಿಗಿಂತ ಒಂದು ಹೆಜ್ಜೆ ಮುಂಚೆ ಚೆಂಡು ಅಲ್ಲಿ ಮುಟ್ಟಿ, ಅವನು ಔಟಾದ. ಎದುರಾಳಿ ಊರಿನ ಜನವೂ ಚಪ್ಪಾಳೆ ತಟ್ಟಿದರು.

"ಪ್ಯಾಂಟು ಮಣ್ಣಾಯ್ತು" ಎಂದರು ನರ್ಸಮ್ಮ, ಯಾರಿಗೂ ಅಲ್ಲದ ಹಾಗೆ.

ಎಂಟನೆಯ ಸರದಿಯಲ್ಲಿ ನಮ್ಮ ತಂಡ ಒಂದು ಓಟ ಹಿಂದಿತ್ತು. ನಮ್ಮವರಿಬ್ಬರು ಬೇಸುಗಳ ಮೇಲೆ ಓಡಲು ಸಿದ್ಧರಾಗಿ ನಿಂತಿದ್ದಾಗ ಹುಡುಗ ಬ್ಯಾಟು ಹಿಡಿದು ಬಂದ. ಮೊದಲೆರಡು ಚೆಂಡು ಬೀಸಿ ತಪ್ಪಿದ. ಇನ್ನೊಂದು ತಪ್ಪಿದರೆ ಮುಗಿಯಿತು. ಮುಂದಿನ ನಾಲ್ಕು ಚೆಂಡುಗಳಲ್ಲಿ ಎರಡನ್ನು ಬಿಟ್ಟ, ಎರಡನ್ನು ಹೇಗೋ ತಾಗಿಸಿ ಗೆರೆಯಾಚೆ ಕಳಿಸಿ ಉಳಿದುಕೊಂಡ. ಅದರ ಮುಂದಿನದನ್ನು ಬಾರಿಸಿದ. ಆ ಸದ್ದು ಮೇಲಂತಸ್ತಿನವರೆಗೂ ಕೇಳಿತು. ಚೆಂಡು ಮೈದಾನ ಕಾಯುತ್ತಿದ್ದ ಎದುರಾಳಿಗಳಿಬ್ಬರ ನಡುವೆ ಬಿದ್ದು ಗೋಡೆಯವರೆಗೆ ಉರುಳಿತು. ಬೇಸುಗಳ ಮೇಲಿದ್ದ ಇಬ್ಬರೂ ಮನೆ ಮುಟ್ಟಿ, ನಮ್ಮ ತಂಡ ಒಂದು ಓಟ ಮುಂದಾಯಿತು. ಹುಡುಗ ಎರಡನೆಯ ಬೇಸಿನ ಮೇಲೆ ನಿಂತು ಮೊಣಕಾಲಿನ ಮಣ್ಣು ಕೊಡವಿಕೊಂಡ.

ರೇಷ್ಮೆ ಸೀರೆಯುಟ್ಟಿದ್ದ ನನ್ನ ಹೆಂಡತಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಸುತ್ತಲಿನ ಡೆಟ್ರಾಯಿಟಿನವರು ಸುಮ್ಮನೆ ಕೂತು ಅವಳನ್ನೇ ನೋಡುತ್ತಿದ್ದರು. ನರ್ಸಮ್ಮ ಅವಳ ಸೆರಗು ಮೆಲ್ಲಗೆ ಎಳೆದು, "ಕೂತ್ಕೊಳ್ಳಿ, ಇದು ಅವರ ಊರು" ಎಂದರು. ಅವರ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲಿಲ್ಲ.

ಆಟ ಮುಗಿದ ಮೇಲೆ ಆಟಗಾರರ ಬಸ್ಸಿನ ಹತ್ತಿರ ಕಾದೆವು. ಹುಡುಗ ತಲೆ ಒದ್ದೆ ಮಾಡಿಕೊಂಡು ಹೊರಗೆ ಬಂದವನು ತಾಯಿಯನ್ನು ಕಂಡು ನಿಂತುಬಿಟ್ಟ. ಅವರು ಹತ್ತಿರ ಹೋಗಿ ಅವನ ಕಾಲರು ಸರಿಮಾಡಿದರು.

"ಅಮ್ಮ, ನೋಡಿದ್ಯಾ?"

"ಶುರು ನೋಡಲಿಲ್ಲ. ಡಾಕ್ಟರು ಗಡಿಯಾರ ತಿರುಗಿಸೋದು ಮರೆತರು. ಉಳಿದದ್ದು ನೋಡಿದೆ." ಆಮೇಲೆ, "ಮುಂದಿನ ಭಾನುವಾರ ಊಟಕ್ಕೆ ಬಾ. ಇನ್ನು ತಪ್ಪಿಸ್ಕೋಬೇಡ" ಎಂದರು. ಅವನು ನಗುತ್ತ ತಲೆಯಾಡಿಸಿದ. ಅವನು ಇಪ್ಪತ್ತೊಂದರ ಹುಡುಗನೆಂಬುದು ನನಗೆ ಆಗ ಮತ್ತೆ ನೆನಪಾಯಿತು.

ಮೂರು ವಾರ ಮುಗಿದು ಹಿರಿಯ ಆಟಗಾರ ಹಿಂತಿರುಗಿದಾಗ ಮ್ಯಾನೇಜರು ಅವನಿಗೆ ಬರೀ ಬ್ಯಾಟು ಮಾಡುವ, ಓಡಿ ಚೆಂಡು ಹಿಡಿಯುವ ಶ್ರಮವಿಲ್ಲದ ಜಾಗ ಕೊಟ್ಟ. ಮೂರನೆಯ ಬೇಸು ಹುಡುಗನಿಗೇ ಉಳಿಯಿತು. ಅಲ್ಲಿಂದ ಅವನನ್ನು ಯಾರೂ ಬೆಂಚಿಗೆ ಕಳಿಸಲಿಲ್ಲ. ಸೆಪ್ಟೆಂಬರಿನಲ್ಲಿ ಕಿರಿಯ ತಂಡದಿಂದ ಇನ್ನಿಬ್ಬರನ್ನು ಕರೆಸಿ ಆಡಿಸಿದರು. ಅವರಲ್ಲೊಬ್ಬ ತಂಡದಲ್ಲಿ ನಿಂತ, ಒಬ್ಬ ನಿಲ್ಲಲಿಲ್ಲ. ತಂಡ ಆ ವರ್ಷ ಏನನ್ನೂ ಗೆಲ್ಲಲಿಲ್ಲ. ಆದರೂ ಪಕ್ಕದ ಮನೆಯವನು ಬೇಲಿಯ ಹತ್ತಿರ ಬಂದು, "ಆ ಹುಡುಗ ನಮ್ಮೂರವನೇ ಅಂತೆ, ಗೊತ್ತಾ ಡಾಕ್?" ಎಂದು ನನಗೇ ಸುದ್ದಿ ಹೇಳಿದ. ಗೊತ್ತು ಎಂದೆ. ಅದಕ್ಕಿಂತ ಹೆಚ್ಚೇನೂ ಹೇಳದೆ ಒಳಗೆ ಬಂದೆ, ಆದರೆ ನನ್ನ ಎದೆ ಎಷ್ಟು ಉಬ್ಬಿತ್ತೆಂದು ಹೆಂಡತಿ ಕಿಟಕಿಯಿಂದಲೇ ಕಂಡು ನಕ್ಕಳು.

ಅಕ್ಟೋಬರಿನಲ್ಲಿ ಹಿರಿಯನ ಮಂಡಿಗೆ ಆಪರೇಷನ್ ನಿಗದಿಯಾಯಿತು. ಕಚೇರಿಯವರು ಸಹಜವಾಗಿ ದೊಡ್ಡ ಡಾಕ್ಟರೇ ಮಾಡುತ್ತಾರೆ ಎಂದುಕೊಂಡಿದ್ದರು. ದೊಡ್ಡ ಡಾಕ್ಟರು ನನ್ನೆದುರಿಗೇ ಅವನನ್ನು ಕೇಳಿದರು. ಅವನು ನನ್ನ ಕಡೆ ಕೈ ತೋರಿಸಿ, "ಬರೆದವರೇ ಮಾಡಲಿ" ಎಂದ.

ಆ ಬೆಳಗ್ಗೆ ಟ್ರೇಯ ಹಿಂದೆ ನಿಂತದ್ದು ನರ್ಸಮ್ಮ. ದೊಡ್ಡ ಡಾಕ್ಟರು ಸಹಾಯಕನ ಜಾಗದಲ್ಲಿದ್ದರು. ಹರಿದ ಮೆತ್ತೆಯ ಚೂರು ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದಿತ್ತು. ಇನ್ನೊಂದು ತಿಂಗಳು ಅದರ ಮೇಲೆ ಓಡಿದ್ದರೆ ಮೂಳೆಯೇ ಸವೆಯುತ್ತಿತ್ತು. ಅದನ್ನು ತೆಗೆದು ಬಟ್ಟಲಿಗೆ ಹಾಕಿದಾಗ ದೊಡ್ಡ ಡಾಕ್ಟರು ಬಗ್ಗಿ ನೋಡಿ, "ನಾಲ್ಕು ವಾರ ಅನ್ನಬೇಕಿತ್ತು" ಎಂದು ಗೊಣಗಿದರು. ನರ್ಸಮ್ಮ ಮಾಸ್ಕಿನ ಹಿಂದೆ ನಕ್ಕದ್ದು ಕಣ್ಣಿನಿಂದ ತಿಳಿಯಿತು. ಹಿರಿಯ ಮುಂದಿನ ಒಂದು ವರ್ಷ ಆಡಿ ನಿವೃತ್ತನಾದ, ಕಿರಿಯ ತಂಡವೊಂದರಲ್ಲಿ ಹುಡುಗರಿಗೆ ಕಲಿಸಲು ಹೋದ.

ಆಪರೇಷನ್ ಮುಗಿದ ಮೇಲೆ ರಿಜಿಸ್ಟರಿನಲ್ಲಿ ವಿವರ ಬರೆಯಬೇಕು. ದೊಡ್ಡ ಡಾಕ್ಟರು ಪೆನ್ನು ತೆಗೆದುಕೊಂಡು, ಸರ್ಜನ್ ಎಂಬಲ್ಲಿ ನನ್ನ ಉದ್ದನೆಯ ಹೆಸರನ್ನು ಒಂದಕ್ಷರವೂ ತಪ್ಪದೆ ಬರೆದು, ಸಹಾಯಕ ಎಂಬಲ್ಲಿ ತಮ್ಮ ಹೆಸರು ಬರೆದರು. ಮನೆಗೆ ಬಂದು ಹೆಂಡತಿಗೆ ಮೊದಲು ಹೇಳಿದ್ದು ಅದನ್ನೇ.

"ಸ್ಪೆಲ್ಲಿಂಗೂ ಸರಿ ಬರೆದ್ರಾ?" ಎಂದು ಕೇಳಿದಳು.

"ಸರಿ ಬರದ್ರು."

"ಕೈ ತೊಳ್ಕೊಂಡು ಬನ್ನಿ ಹಾಗಾದ್ರೆ. ಇವತ್ತು ಜೋಳದ ರೊಟ್ಟಿ ತಟ್ಟಿದೀನಿ. ಮೈಸೂರಿನವಳ ಕೈದು, ದುಂಡಗೆ ಬಂದಿಲ್ಲ, ಆಡ್ಕೋಬೇಡಿ."

ದುಂಡಗೆ ಬಂದಿರಲಿಲ್ಲ. ನಾಲ್ಕು ರೊಟ್ಟಿ ತಿಂದೆ.